ಊರ್ಜಯಂತಗಿರಿಯ ತಪ್ಪಲಿನ ಸುದರ್ಶನ ಸರೋವರ

ಇಪ್ಪತ್ತೆರಡನೆಯ ತೀರ್ಥಂಕರರಾದ ಭಗವಾನ್ ನೇಮಿನಾಥರ ಮೋಕ್ಷಕಲ್ಯಾಣದಿಂದ ಪುನೀತವಾದ ಊರ್ಜಯಂತಗಿರಿಯು ಸಮಸ್ತ ಜೈನ ಸಮಾಜಕ್ಕೆ ಪರಮ ಪವಿತ್ರವಾದ ಸಿದ್ಧಕ್ಷೇತ್ರ. ಸೌರಾಷ್ಟ್ರದ ಜುನಾಗಢ ಪಟ್ಟಣದ ಪೂರ್ವಕ್ಕೆ ಸುಮಾರು 3,600 ಅಡಿ ಎತ್ತರಕ್ಕೆ ಎದ್ದು ನಿಂತಿರುವ ಈ ಗಿರಿಯನ್ನೇ ಇಂದು ಗಿರನಾರ್ ಎಂದು ಕರೆಯುತ್ತಾರೆ. ಕರ್ನಾಟಕದಿಂದ ಅಲ್ಲಿಗೆ ತೀರ್ಥಯಾತ್ರೆ ಕೈಗೊಳ್ಳುವ ಶ್ರಾವಕ ಶ್ರಾವಿಕೆಯರು ಪಟ್ಟಣವನ್ನು ದಾಟಿ ಬೆಟ್ಟದ ಬುಡವನ್ನು ಸೇರುವ ಮಾರ್ಗದಲ್ಲಿ ಒಂದು ದೊಡ್ಡ ಬಂಡೆಯ ಪಕ್ಕದಲ್ಲಿಯೇ ಹಾದುಹೋಗುತ್ತಾರೆ. ಅಶೋಕ ಚಕ್ರವರ್ತಿಯ ಹದಿನಾಲ್ಕು ಧರ್ಮಲಿಪಿಗಳನ್ನು ಹೊತ್ತ ಬಂಡೆಯೆಂದು ಅದು ಪ್ರಸಿದ್ಧವಾಗಿದೆ. ಆದರೆ ಅದೇ ಬಂಡೆಯ ಮೇಲೆ ಇನ್ನೆರಡು ಶಾಸನಗಳೂ ಇವೆ. ಒಂದು ಮಹಾಕ್ಷತ್ರಪ ರುದ್ರದಾಮನದು, ಇನ್ನೊಂದು ಗುಪ್ತ ಸಮ್ರಾಟ ಸ್ಕಂದಗುಪ್ತನದು. ಈ ಎರಡು ಶಾಸನಗಳ ಮುಖ್ಯ ವಸ್ತು ಯುದ್ಧವಲ್ಲ, ದಿಗ್ವಿಜಯವಲ್ಲ. ಮಣ್ಣಿನ ಏರಿಯ ಒಂದು ಕೆರೆ. ಅದರ ಹೆಸರು ಸುದರ್ಶನ.

ಏಳೂವರೆ ಶತಮಾನಗಳ ದೀರ್ಘಾವಧಿಯಲ್ಲಿ ಈ ಕೆರೆಯನ್ನು ಕಟ್ಟಿದವರು, ಕಾಲುವೆಗಳಿಂದ ಅಲಂಕರಿಸಿದವರು, ಒಡೆದಾಗ ಮತ್ತೆ ಕಟ್ಟಿದವರು ಯಾರು ಯಾರು ಎಂಬುದು ಒಂದೇ ಬಂಡೆಯ ಮೇಲೆ ದಾಖಲಾಗಿದೆ. ಭಾರತದ ನೀರಾವರಿಯ ಇತಿಹಾಸದಲ್ಲಿ ಇಂತಹ ಉದಾಹರಣೆ ವಿರಳ.

ನಿರ್ಮಾಣ

ಸೌರಾಷ್ಟ್ರವು ಪರ್ಯಾಯದ್ವೀಪ. ಅಲ್ಲಿಯ ನದಿಗಳು ನಡುನಾಡಿನ ಎತ್ತರದ ಪ್ರದೇಶದಲ್ಲಿ ಹುಟ್ಟಿ, ಅಲ್ಪ ದೂರ ಹರಿದು ಕಡಲನ್ನು ಸೇರಿಬಿಡುತ್ತವೆ. ಮಳೆಗಾಲದಲ್ಲಿ ಉಕ್ಕಿ ಹರಿಯುವ ಹಳ್ಳಗಳು ಬೇಸಗೆಯಲ್ಲಿ ಮರಳಿನ ಹಾದಿಗಳಾಗುತ್ತವೆ. ಮಳೆಯಾದರೂ ನಂಬಿಕೆಗೆ ಅರ್ಹವಾದುದಲ್ಲ. ಒಂದು ವರ್ಷ ಅತಿವೃಷ್ಟಿ, ಮುಂದಿನ ವರ್ಷ ಅನಾವೃಷ್ಟಿ. ಇಂತಹ ನಾಡಿನಲ್ಲಿ ಬೇಸಾಯಗಾರನು ಬದುಕಬೇಕಾದರೆ ಸುರಿದ ಮಳೆಯನ್ನು ತಡೆದು ನಿಲ್ಲಿಸುವುದೊಂದೇ ಉಪಾಯ. ಈ ಸತ್ಯವನ್ನು ಮನಗಂಡು ಗಿರಿನಗರದ ಬಳಿ ಸುದರ್ಶನವನ್ನು ಮೊದಲು ಕಟ್ಟಿಸಿದವನು ಮೌರ್ಯ ಚಂದ್ರಗುಪ್ತನ ಪ್ರಾಂತಾಧಿಕಾರಿಯಾಗಿದ್ದ ಪುಷ್ಯಗುಪ್ತನೆಂದು ರುದ್ರದಾಮನ ಶಾಸನವು ಸ್ಪಷ್ಟವಾಗಿ ಹೇಳುತ್ತದೆ. ಅದು ಕ್ರಿ.ಪೂ. 4ನೆಯ ಶತಮಾನದ ಕೊನೆಯ ಭಾಗ. ಪುಷ್ಯಗುಪ್ತನನ್ನು ಶಾಸನವು ವೈಶ್ಯನೆಂದು ಕರೆದಿರುವುದು ಗಮನಾರ್ಹ.

ಚಂದ್ರಗುಪ್ತನ ಹೆಸರು ಕನ್ನಡ ನಾಡಿನ ಜೈನರಿಗೆ ಅಪರಿಚಿತವಲ್ಲ. ಅಂತಿಮ ಶ್ರುತಕೇವಲಿ ಭದ್ರಬಾಹುಸ್ವಾಮಿಗಳು ಹನ್ನೆರಡು ವರ್ಷಗಳ ಕ್ಷಾಮವನ್ನು ಮುಂಗಂಡು ಸಂಘವನ್ನು ದಕ್ಷಿಣಕ್ಕೆ ಕರೆತಂದರೆಂದೂ, ಚಂದ್ರಗುಪ್ತನು ರಾಜ್ಯವನ್ನು ತ್ಯಜಿಸಿ ಅವರನ್ನು ಅನುಸರಿಸಿ ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದನೆಂದೂ ನಮ್ಮ ಪರಂಪರೆಯು ನಂಬುತ್ತದೆ. ಈ ಬಗ್ಗೆ ಇತಿಹಾಸಜ್ಞರಲ್ಲಿ ಏಕಾಭಿಪ್ರಾಯವಿಲ್ಲ. ಆದರೂ ಒಂದು ಸಂಗತಿ ಚಿಂತನೀಯ. ಯಾವ ದೊರೆಯ ಅಧಿಕಾರಿಯು ಪಶ್ಚಿಮದಲ್ಲಿ ಅನಾವೃಷ್ಟಿಯನ್ನು ಎದುರಿಸಲು ಕೆರೆ ಕಟ್ಟಿಸಿದನೋ, ಅದೇ ದೊರೆಯ ಕೊನೆಯ ದಿನಗಳ ಕಥೆಯೂ ಒಂದು ಮಹಾಕ್ಷಾಮದೊಂದಿಗೆ ಹೆಣೆದುಕೊಂಡಿದೆ. ಗಿರಿನಗರದ ಬಂಡೆ ಮತ್ತು ಚಂದ್ರಗಿರಿಯ ಬಂಡೆ, ಇವೆರಡೂ ಮಳೆ ಕೈಕೊಟ್ಟರೆ ಮನುಷ್ಯನ ಗತಿಯೇನು ಎಂಬ ಒಂದೇ ಚಿಂತೆಯನ್ನು ಹೊತ್ತು ನಿಂತಿವೆ.

ಚಂದ್ರಗುಪ್ತನ ಮೊಮ್ಮಗನಾದ ಅಶೋಕನ ಕಾಲದಲ್ಲಿ ಸೌರಾಷ್ಟ್ರವನ್ನು ಆಳುತ್ತಿದ್ದವನು ಯವನರಾಜ ತುಷಾಸ್ಫ. ಅವನು ಸುದರ್ಶನಕ್ಕೆ ಪ್ರಣಾಳಿಗಳನ್ನು, ಎಂದರೆ ನೀರು ಹೊರಡುವ ಕಾಲುವೆಗಳನ್ನು ಮಾಡಿಸಿ ಅದನ್ನು ಅಲಂಕರಿಸಿದನೆಂದು ಶಾಸನವು ತಿಳಿಸುತ್ತದೆ. ಕೆರೆಗೆ ಕಾಲುವೆಯೇ ಅಲಂಕಾರವೆಂಬ ಆ ಮಾತಿನಲ್ಲಿ ಎಷ್ಟು ಅರ್ಥವಿದೆ! ನಿಂತ ನೀರು ನೋಟಕ್ಕೆ ಚೆಲುವು. ಹರಿದು ಹೊಲವನ್ನು ಸೇರಿದಾಗಲೇ ಅದು ಸಾರ್ಥಕ.

ಏರಿಯ ರಚನೆ

ಕೆರೆಯ ರಚನೆಯ ವಿಷಯದಲ್ಲಿಯೂ ಶಾಸನವು ಕೆಲವು ಅಮೂಲ್ಯ ವಿವರಗಳನ್ನು ಕೊಡುತ್ತದೆ. ಊರ್ಜಯತ್ ಪರ್ವತದಿಂದ ಇಳಿದುಬರುವ ಸುವರ್ಣಸಿಕತಾ, ಪಲಾಶಿನೀ ಮುಂತಾದ ನದಿಗಳಿಗೆ ಅಡ್ಡಲಾಗಿ ಏರಿಯನ್ನು ಹಾಕಲಾಗಿತ್ತು. ಇವುಗಳಲ್ಲಿ ಸುವರ್ಣಸಿಕತೆಯನ್ನು ಇಂದಿನ ಸೋನರೇಖಾ ಎಂಬ ಹೊಳೆಯೊಂದಿಗೆ ವಿದ್ವಾಂಸರು ಗುರುತಿಸಿದ್ದಾರೆ. ಏರಿಯನ್ನು ಮಣ್ಣು ಮತ್ತು ಕಲ್ಲುಗಳಿಂದ, ಉದ್ದ ಅಗಲ ಎತ್ತರಗಳಲ್ಲಿ ಎಲ್ಲಿಯೂ ಸಂದು ಬಿಡದಂತೆ ಬಿಗಿಯಾಗಿ ಕಟ್ಟಿದ್ದರಿಂದ ಅದು ಬೆಟ್ಟದ ಚಾಚಿಗೇ ಸರಿಸಾಟಿಯಾಗಿತ್ತೆಂದು ಶಾಸನಕಾರನು ವರ್ಣಿಸುತ್ತಾನೆ. ಪ್ರಣಾಳಿಗಳ ಜೊತೆಗೆ ಪರೀವಾಹಗಳನ್ನೂ ಆತ ಹೆಸರಿಸಿದ್ದಾನೆ. ಪ್ರಣಾಳಿಯು ಹೊಲಕ್ಕೆ ನೀರನ್ನು ಒಯ್ಯುವ ದಾರಿ. ಪರೀವಾಹವು ಕೆರೆಯಲ್ಲಿ ಹೆಚ್ಚಾದ ನೀರು ಹೊರಗೆ ಹರಿದುಹೋಗುವ ದಾರಿ. ಕನ್ನಡ ನಾಡಿನ ರೈತನ ಮಾತಿನಲ್ಲಿ ಹೇಳುವುದಾದರೆ ಒಂದು ತೂಬು ಕಾಲುವೆ, ಮತ್ತೊಂದು ಕೋಡಿ.

ಮಣ್ಣಿನ ಏರಿಯ ಗುಣವನ್ನೂ ದೋಷವನ್ನೂ ಬಲ್ಲವರಿಗೆ ಈ ವಿವರಗಳ ಮಹತ್ವ ಸುಲಭವಾಗಿ ಅರ್ಥವಾಗುತ್ತದೆ. ಮಣ್ಣಿನ ಏರಿಯು ತನ್ನ ತೂಕದಿಂದಲೂ ತನ್ನ ವಿಶಾಲವಾದ ಬುಡದಿಂದಲೂ ನೀರಿನ ಒತ್ತಡವನ್ನು ತಡೆದುಕೊಳ್ಳುತ್ತದೆ. ಅದಕ್ಕೆ ಬೇಕಾದ ಸಾಮಗ್ರಿ ಸ್ಥಳದಲ್ಲಿಯೇ ದೊರೆಯುತ್ತದೆ. ಊರಿನ ಜನರ ಕೈಗಳೇ ಅದನ್ನು ಕಟ್ಟಬಲ್ಲವು. ಆದರೆ ಅದಕ್ಕೆ ಇಬ್ಬರು ಶತ್ರುಗಳು. ಒಳಗೆ ಸಣ್ಣ ಸಂದು ಬಿದ್ದು ನೀರು ಜಿನುಗತೊಡಗಿದರೆ ಮಣ್ಣಿನ ಕಣಗಳು ಅದರೊಂದಿಗೆ ಹೊರಬಂದು ಸಂದು ಬಿಲವಾಗುತ್ತದೆ, ಬಿಲವು ಬಾಯಾಗುತ್ತದೆ. ಇನ್ನು ಕೋಡಿಯಲ್ಲಿ ಹೊರಹೋಗಲಾರದಷ್ಟು ನೀರು ಬಂದು ಏರಿಯ ನೆತ್ತಿಯ ಮೇಲೆ ಹರಿದರೆ, ಹಿಂಭಾಗದ ಮಣ್ಣು ಕೊಚ್ಚಿಹೋಗಿ ಕೆಲವೇ ಗಂಟೆಗಳಲ್ಲಿ ಏರಿಯೇ ಇಲ್ಲದಂತಾಗುತ್ತದೆ. ಆದುದರಿಂದಲೇ ಶಾಸನಕಾರನು ಸಂದಿಲ್ಲದ ಕಟ್ಟಡವನ್ನೂ ಪರೀವಾಹವನ್ನೂ ಒಟ್ಟಿಗೆ ಹೊಗಳಿದ್ದಾನೆ.

ನೀರಿನ ನೆಲೆಗಳ ರಕ್ಷಣೆಗೆ ಪ್ರಾಚೀನ ರಾಜನೀತಿಯು ಎಷ್ಟು ಮಹತ್ವ ಕೊಟ್ಟಿತ್ತೆಂಬುದು ಕೌಟಿಲ್ಯನ ಹೆಸರಿನಲ್ಲಿರುವ ಅರ್ಥಶಾಸ್ತ್ರದಿಂದ ವಿದಿತವಾಗುತ್ತದೆ. ಹೊಸದಾಗಿ ಕೆರೆ ಕಟ್ಟೆಗಳನ್ನು ಕಟ್ಟಿಸಿದವರಿಗೆ 5 ವರ್ಷ, ಹಾಳುಬಿದ್ದುದನ್ನು ಸರಿಪಡಿಸಿದವರಿಗೆ 4 ವರ್ಷ, ಗಿಡಗಂಟಿ ಬೆಳೆದುದನ್ನು ತೆಗೆಸಿದವರಿಗೆ 3 ವರ್ಷ ಕರವಿನಾಯಿತಿಯನ್ನು ಅದು ವಿಧಿಸುತ್ತದೆ. ನೀರು ತುಂಬಿದ ಏರಿಯನ್ನು ಒಡೆದವನಿಗಾದರೋ ಆ ನೀರಿನಲ್ಲಿಯೇ ಮುಳುಗಿಸುವ ಘೋರ ಶಿಕ್ಷೆ. ಆ ಗ್ರಂಥದ ಕಾಲದ ಬಗ್ಗೆ ಭಿನ್ನಾಭಿಪ್ರಾಯಗಳಿದ್ದರೂ, ಅದು ಪ್ರತಿಬಿಂಬಿಸುವ ಮನೋಭಾವವು ಸುದರ್ಶನದಂತಹ ಕೆರೆಗಳ ಹಿನ್ನೆಲೆಯನ್ನು ಬೆಳಗಿಸುತ್ತದೆ.

ಮೊದಲನೆಯ ವಿಪತ್ತು

ನಾಲ್ಕೂವರೆ ಶತಮಾನಗಳು ಕಳೆದವು. ಮೌರ್ಯರು ಹೋದರು, ಪಶ್ಚಿಮ ಭಾರತವು ಶಕ ಕ್ಷತ್ರಪರ ವಶವಾಯಿತು. ಚಷ್ಟನನ ಮೊಮ್ಮಗನೂ ಜಯದಾಮನ ಮಗನೂ ಆದ ರುದ್ರದಾಮನು ಮಹಾಕ್ಷತ್ರಪನಾಗಿದ್ದಾಗ, 72ನೆಯ ವರ್ಷದ ಮಾರ್ಗಶಿರ ಬಹುಳ ಪ್ರತಿಪದೆಯಂದು ವಿಪತ್ತು ಎರಗಿತು. ಈ ವರ್ಷವನ್ನು ಶಕವರ್ಷವೆಂದು ಗ್ರಹಿಸಿ ಕ್ರಿ.ಶ. 150 ಎಂದು ಎಣಿಸುತ್ತಾರೆ. ಮಳೆಗಾಲ ಮುಗಿದು ಕೆರೆ ತುಂಬಿ ನಿಂತಿದ್ದ ಕಾಲವೆಂದು ತಿಥಿಯಿಂದಲೇ ಊಹಿಸಬಹುದು. ಆಗ ಅಕಾಲದ ಮಹಾವೃಷ್ಟಿ ಸುರಿದು ಭೂಮಿಯೆಲ್ಲ ಒಂದೇ ಸಮುದ್ರದಂತಾಯಿತು. ಬೆಟ್ಟದ ಹೊಳೆಗಳು ಮಿತಿಮೀರಿ ಉಕ್ಕಿದವು. ತಕ್ಕ ಮುನ್ನೆಚ್ಚರಿಕೆಗಳನ್ನು ಕೈಕೊಂಡಿದ್ದರೂ ಪ್ರಳಯಕಾಲದಂತಹ ಗಾಳಿಯಿಂದ ಕದಡಿದ ನೀರು ಬೆಟ್ಟದ ಶಿಖರಗಳನ್ನೂ ಮರಗಳನ್ನೂ ದಡಗಳನ್ನೂ ಕಿತ್ತುಕೊಂಡು ಬಂದು ಏರಿಯನ್ನು ತಳದವರೆಗೆ ಸೀಳಿಹಾಕಿತೆಂದು ಶಾಸನವು ವರ್ಣಿಸುತ್ತದೆ.

ಬಿರುಕಿನ ಅಳತೆಯನ್ನೂ ಶಾಸನ ಕೊಡುತ್ತದೆ: 420 ಮೊಳ ಉದ್ದ, ಅಷ್ಟೇ ಅಗಲ, 75 ಮೊಳ ಆಳ. ಮೊಳವನ್ನು ಒಂದೂವರೆ ಅಡಿಯೆಂದು ಹಿಡಿದರೆ 630 ಅಡಿಯ ಬಾಯಿ, 112 ಅಡಿಗೂ ಮಿಕ್ಕ ಆಳ. ನೀರೆಲ್ಲ ಹರಿದುಹೋಗಿ, ಸುದರ್ಶನವು ಮರುಭೂಮಿಯಂತೆ ನೋಡಲಾಗದ ದುರ್ದರ್ಶನವಾಯಿತೆಂದು ಶಾಸನಕಾರನು ಹೆಸರಿನ ಮೇಲೆಯೇ ಶ್ಲೇಷೆಯನ್ನಾಡಿ ದುಃಖವನ್ನು ತೋಡಿಕೊಂಡಿದ್ದಾನೆ.

ಇಲ್ಲಿಂದ ಮುಂದಿನ ಭಾಗವೇ ಈ ಶಾಸನದ ಹೃದಯ. ಬಿರುಕು ಅಷ್ಟು ದೊಡ್ಡದಾಗಿದ್ದುದರಿಂದ ರಾಜನ ಮತಿಸಚಿವರೂ ಕರ್ಮಸಚಿವರೂ, ಎಂದರೆ ಆಲೋಚನೆ ಹೇಳುವ ಮಂತ್ರಿಗಳೂ ಕಾರ್ಯ ನಡೆಸುವ ಅಧಿಕಾರಿಗಳೂ, ಯೋಗ್ಯತಾವಂತರಾಗಿದ್ದರೂ ಈ ಕೆಲಸದಲ್ಲಿ ಉತ್ಸಾಹ ತೋರದೆ ಅದನ್ನು ವಿರೋಧಿಸಿದರು. ಇನ್ನು ಏರಿ ಮತ್ತೆ ಏಳಲಾರದೆಂದು ನಿರಾಶರಾದ ಪ್ರಜೆಗಳು ಹಾಹಾಕಾರ ಮಾಡಿದರು. ಲೆಕ್ಕಾಚಾರದ ದೃಷ್ಟಿಯಿಂದ ಮಂತ್ರಿಗಳ ಮಾತು ತಪ್ಪಾಗಿರಲಿಕ್ಕಿಲ್ಲ. ಬೊಕ್ಕಸಕ್ಕೆ ಅದು ಭಾರಿ ಹೊರೆಯೇ ಸರಿ. ಆದರೆ ಕೆರೆಯ ಕೆಳಗಿನ ರೈತನಿಗೆ ಅದು ಲೆಕ್ಕಾಚಾರದ ಪ್ರಶ್ನೆಯಾಗಿರಲಿಲ್ಲ. ಏರಿ ಹೋದರೆ ಅಚ್ಚುಕಟ್ಟು ಹೋಗುತ್ತದೆ, ಅಚ್ಚುಕಟ್ಟು ಹೋದರೆ ಊರು ಹೋಗುತ್ತದೆ.

ಆಗ ಪ್ರಜೆಗಳ ಪರವಾಗಿ ನಿಂತು ಕಾರ್ಯವನ್ನು ಸಾಧಿಸಿದವನು ಆನರ್ತ ಸುರಾಷ್ಟ್ರಗಳ ಪಾಲನೆಗೆ ನಿಯುಕ್ತನಾಗಿದ್ದ ಅಮಾತ್ಯ ಸುವಿಶಾಖ. ಅವನು ಕುಲೈಪನ ಮಗ, ಪಹ್ಲವ ವಂಶದವನು. ವ್ಯವಹಾರದಲ್ಲಿಯೂ ಧರ್ಮದಲ್ಲಿಯೂ ನಿಷ್ಠೆಯುಳ್ಳವನು, ಸಮರ್ಥನು, ಚಂಚಲನಲ್ಲದವನು, ಗರ್ವವಿಲ್ಲದವನು, ಲಂಚಕ್ಕೆ ಬಗ್ಗದವನು ಎಂದು ಶಾಸನವು ಅವನನ್ನು ಬಣ್ಣಿಸುತ್ತದೆ. ಏರಿಯು ಮೊದಲಿಗಿಂತ ಮೂರು ಪಟ್ಟು ದೃಢವಾಗಿ ಎದ್ದಿತು. ಸುದರ್ಶನವು ಮೊದಲಿಗಿಂತಲೂ ಸುಂದರವಾಯಿತು. ಈ ಮಹಾಕಾರ್ಯಕ್ಕಾಗಿ ಪೌರ ಜಾನಪದ ಜನರಿಂದ ಕರವನ್ನಾಗಲಿ, ವಿಷ್ಟಿಯನ್ನಾಗಲಿ, ಪ್ರಣಯವನ್ನಾಗಲಿ ವಸೂಲು ಮಾಡಲಿಲ್ಲವೆಂದೂ ಅಪಾರ ಧನವನ್ನು ರಾಜನು ತನ್ನ ಸ್ವಂತ ಬೊಕ್ಕಸದಿಂದಲೇ ವ್ಯಯಿಸಿದನೆಂದೂ ಶಾಸನವು ಹೆಮ್ಮೆಯಿಂದ ಸಾರುತ್ತದೆ. ವಿಷ್ಟಿಯೆಂದರೆ ಬಿಟ್ಟಿ ದುಡಿಮೆ. ಪ್ರಣಯವೆಂದರೆ ಪ್ರೀತಿಯ ಕಾಣಿಕೆಯ ಹೆಸರಿನಲ್ಲಿ ರಾಜರು ಎತ್ತುತ್ತಿದ್ದ ಬಲವಂತದ ವಂತಿಗೆ. ರಾಜಪ್ರಶಸ್ತಿಯ ಮಾತನ್ನು ಅಕ್ಷರಶಃ ಒಪ್ಪಬೇಕಾಗಿಲ್ಲ. ಆದರೂ ಬಿಟ್ಟಿ ದುಡಿಮೆಯಿಲ್ಲದೆ ಕೆರೆ ಕಟ್ಟಿಸುವುದೇ ರಾಜನಿಗೆ ಕೀರ್ತಿಯೆಂಬ ಆದರ್ಶವು 1,870 ವರ್ಷಗಳಿಗೂ ಹಿಂದೆ ಕಲ್ಲಿನ ಮೇಲೆ ಮೂಡಿತೆಂಬುದು ನಿರ್ವಿವಾದ.

ಯುದ್ಧದ ಹೊರತು ಪ್ರಾಣವಿರುವವರೆಗೆ ಮನುಷ್ಯವಧೆ ಮಾಡೆನೆಂದು ರುದ್ರದಾಮನು ಪ್ರತಿಜ್ಞೆ ಮಾಡಿದ್ದನೆಂಬುದು ಇದೇ ಶಾಸನದ ಮತ್ತೊಂದು ಉಲ್ಲೇಖಾರ್ಹ ಸಂಗತಿ. ಅವನನ್ನು ಜೈನನೆಂದು ಹೇಳಲು ಆಧಾರವಿಲ್ಲ. ಆದರೆ ಅವನ ವಂಶದವರ ಆಳ್ವಿಕೆಯಲ್ಲಿ ಗಿರಿನಗರದಲ್ಲಿ ಜೈನಧರ್ಮವು ನೆಲೆಯೂರಿತ್ತೆಂಬುದಕ್ಕೆ, ಜಯದಾಮನ ಮೊಮ್ಮಗನ ಕಾಲದ ಒಂದು ತ್ರುಟಿತ ಶಾಸನದಲ್ಲಿ ಬರುವ ಕೇವಲಿಜ್ಞಾನದ ಉಲ್ಲೇಖವು ಸಾಕ್ಷಿಯಾಗಿದೆ.

ಶ್ರುತದ ಏರಿ

ಇದೇ ಕಾಲಘಟ್ಟದ ಆಸುಪಾಸಿನಲ್ಲಿ ಗಿರಿನಗರವು ಇನ್ನೊಂದು ಸಂರಕ್ಷಣ ಕಾರ್ಯಕ್ಕೆ ವೇದಿಕೆಯಾಯಿತು. ಮಹಾವೀರಸ್ವಾಮಿಗಳ ನಿರ್ವಾಣಾನಂತರ 683 ವರ್ಷಗಳಲ್ಲಿ ಅಂಗಜ್ಞಾನವು ಕ್ರಮೇಣ ಕ್ಷೀಣಿಸಿತೆಂದು ದಿಗಂಬರ ಪರಂಪರೆಯು ಹೇಳುತ್ತದೆ. ಉಳಿದಿದ್ದ ಶ್ರುತವೂ ತಮ್ಮೊಂದಿಗೆ ಅಳಿದುಹೋದೀತೆಂಬ ಚಿಂತೆಯಿಂದ, ಗಿರಿನಗರದ ಚಂದ್ರಗುಹೆಯಲ್ಲಿದ್ದ ಆಚಾರ್ಯ ಧರಸೇನರು ದಕ್ಷಿಣಾಪಥದ ಮುನಿಸಂಘಕ್ಕೆ ಹೇಳಿಕಳುಹಿಸಿ, ಪುಷ್ಪದಂತ ಮತ್ತು ಭೂತಬಲಿ ಎಂಬ ಇಬ್ಬರು ಮುನಿಗಳನ್ನು ಬರಮಾಡಿಕೊಂಡು ಅದನ್ನು ಬೋಧಿಸಿದರು. ಷಟ್ಖಂಡಾಗಮವು ರೂಪುಗೊಂಡುದು ಹೀಗೆ. ಧರಸೇನರ ಕಾಲನಿರ್ಣಯದಲ್ಲಿ ಮತಭೇದವುಂಟು. ಆದರೆ 683 ವರ್ಷಗಳ ಲೆಕ್ಕವನ್ನು ಒಪ್ಪಿದರೆ ಅದು ಕ್ರಿ.ಶ. 2ನೆಯ ಶತಮಾನದ ನಡುಭಾಗಕ್ಕೆ, ಎಂದರೆ ಸುದರ್ಶನದ ಜೀರ್ಣೋದ್ಧಾರದ ಕಾಲಕ್ಕೆ ಬಹಳ ಸಮೀಪವಾಗುತ್ತದೆ. ಒಂದೆಡೆ ಒಡೆದ ಏರಿಯಿಂದ ಹರಿದುಹೋಗುವ ನೀರನ್ನು ತಡೆಯುವ ಪ್ರಯತ್ನ, ಇನ್ನೊಂದೆಡೆ ಮರೆವಿನ ಬಿರುಕಿನಲ್ಲಿ ಸೋರಿಹೋಗುವ ಶ್ರುತವನ್ನು ತಡೆಯುವ ಪ್ರಯತ್ನ.

ಅಧ್ಯಯನವನ್ನು ಮುಗಿಸಿದ ಪುಷ್ಪದಂತಾಚಾರ್ಯರು ವನವಾಸ ದೇಶಕ್ಕೆ, ಎಂದರೆ ನಮ್ಮ ಬನವಾಸಿಯ ನಾಡಿಗೆ ಬಂದರೆಂದು ಧವಲಾ ಟೀಕೆಯು ತಿಳಿಸುತ್ತದೆ. ಆ ಸಿದ್ಧಾಂತ ಗ್ರಂಥಗಳ ತಾಳೆಯೋಲೆ ಪ್ರತಿಗಳನ್ನು ಶತಮಾನಗಳ ಕಾಲ ಕಾಪಾಡಿ ಉಳಿಸಿದ ಕೀರ್ತಿಯು ಮೂಡುಬಿದಿರೆಗೆ ಸಲ್ಲುತ್ತದೆ. ಗಿರಿನಗರದಲ್ಲಿ ಹಾಕಿದ ಏರಿಯ ನೀರು ಕನ್ನಡ ನಾಡಿನಲ್ಲಿ ನಿಂತಿತೆಂದರೆ ಉತ್ಪ್ರೇಕ್ಷೆಯಾಗಲಾರದು.

ಎರಡನೆಯ ವಿಪತ್ತು

ರುದ್ರದಾಮನ ದುರಸ್ತಿಯ ಅನಂತರ ಸುದರ್ಶನವು ಮೂರು ಶತಮಾನಗಳ ಕಾಲ ಬಾಳಿತು. ಗುಪ್ತ ಸಮ್ರಾಟ ಸ್ಕಂದಗುಪ್ತನು ಸುರಾಷ್ಟ್ರವನ್ನು ರಕ್ಷಿಸಲು ಯಾರು ತಕ್ಕವರೆಂದು ಹಗಲಿರುಳು ಆಲೋಚಿಸಿ ಪರ್ಣದತ್ತನನ್ನು ಅಲ್ಲಿಗೆ ನೇಮಿಸಿದನು. ಪರ್ಣದತ್ತನು ತನ್ನ ಮಗನಾದ ಚಕ್ರಪಾಲಿತನಿಗೆ ನಗರದ ಆಡಳಿತವನ್ನು ವಹಿಸಿದನು. ಗುಪ್ತ ಸಂವತ್ 136ರ, ಎಂದರೆ ಕ್ರಿ.ಶ. 455ರ ಭಾದ್ರಪದ ಮಾಸದ ಷಷ್ಠಿಯ ರಾತ್ರಿ, ಎಡೆಬಿಡದೆ ಸುರಿದ ಮಳೆಯಿಂದ ಸುದರ್ಶನವು ಮತ್ತೊಮ್ಮೆ ಒಡೆಯಿತು. ಬೆಟ್ಟದಿಂದಿಳಿದ ನದಿಗಳು ಬಹುಕಾಲದ ಬಂಧನದಿಂದ ಬಿಡುಗಡೆ ಹೊಂದಿ ತಮ್ಮ ಪತಿಯಾದ ಸಮುದ್ರನ ಬಳಿಗೆ ಹೋದವೆಂದು ಶಾಸನಕವಿಯು ಹೇಳುತ್ತಾನೆ. ಕವಿಗೆ ಅದು ಕಲ್ಪನೆ; ಕೆರೆಯ ಕೆಳಗೆ ಬಾಳುತ್ತಿದ್ದವರಿಗೆ ದಿಕ್ಕುಕಾಣದ ಸಂಕಟ. ಮುಂದೇನು ಗತಿಯೆಂದು ಜನರು ಇಡೀ ರಾತ್ರಿ ನಿದ್ರೆಯಿಲ್ಲದೆ ಅತ್ತಿಂದಿತ್ತ ಓಡಾಡಿ ತಲ್ಲಣಿಸಿದರೆಂದು ಅದೇ ಶಾಸನವು ಹೇಳುತ್ತದೆ.

ಈ ಬಾರಿ ಮಂತ್ರಿಗಳ ವಿರೋಧದ ಮಾತು ಕೇಳಿಬರುವುದಿಲ್ಲ. ಚಕ್ರಪಾಲಿತನು ಮರುವರ್ಷ, ಗುಪ್ತ ಸಂವತ್ 137ರಲ್ಲಿ, ಅಪಾರ ಧನವನ್ನು ವ್ಯಯಮಾಡಿ ಎರಡೇ ತಿಂಗಳಿನಲ್ಲಿ ಏರಿಯನ್ನು ಮತ್ತೆ ಕಟ್ಟಿಸಿದನು. ನಗುಮೊಗದ ಮಾತು, ಸತ್ಕಾರ, ಜನರ ಮನೆಗಳಿಗೆ ಹೋಗಿ ಕ್ಷೇಮ ವಿಚಾರಿಸುವ ಸೌಜನ್ಯ, ಇವು ಅವನ ಗುಣಗಳೆಂದು ಶಾಸನವು ಕೊಂಡಾಡುತ್ತದೆ. ವೈಷ್ಣವನಾಗಿದ್ದ ಅವನು ಮುಂದಿನ ವರ್ಷ ಅಲ್ಲಿ ವಿಷ್ಣುದೇವಾಲಯವೊಂದನ್ನೂ ಕಟ್ಟಿಸಿದನು. ಸುದರ್ಶನ ತಟಾಕದ ಸಂಸ್ಕಾರವನ್ನು ಕುರಿತ ಕಾವ್ಯರಚನೆಯೆಂದೇ ಈ ಶಾಸನಭಾಗವು ತನ್ನನ್ನು ಹೆಸರಿಸಿಕೊಂಡಿದೆ.

ಕೆರೆ ಅಳಿದರೂ ಉಳಿದ ಪಾಠ

ಸ್ಕಂದಗುಪ್ತನ ಶಾಸನದ ಬಳಿಕ ಆ ಬಂಡೆಯು ಮೌನ ತಾಳುತ್ತದೆ. ಕಾಲಾನಂತರದಲ್ಲಿ ಕೆರೆಯೂ ಅಳಿಯಿತು, ಅದಿದ್ದ ಸ್ಥಳವೂ ಜನರ ನೆನಪಿನಿಂದ ಮರೆಯಾಯಿತು. 1822ರಲ್ಲಿ ಕರ್ನಲ್ ಜೇಮ್ಸ್ ಟಾಡ್ ಈ ಬಂಡೆಯನ್ನು ಕಂಡನು. ಬ್ರಾಹ್ಮೀ ಲಿಪಿಯ ರಹಸ್ಯವನ್ನು ಬಿಡಿಸಿದ ಜೇಮ್ಸ್ ಪ್ರಿನ್ಸೆಪ್ 1838ರಲ್ಲಿ ರುದ್ರದಾಮನ ಶಾಸನವನ್ನು ಪ್ರಕಟಿಸಿದನು. ಫ್ಲೀಟ್ 1888ರಲ್ಲಿ ಸ್ಕಂದಗುಪ್ತನ ಶಾಸನವನ್ನು ಪರಿಷ್ಕರಿಸಿ ಪ್ರಕಟಿಸಿದನು. ರುದ್ರದಾಮನ ಶಾಸನಕ್ಕೆ ಕೀಲ್‌ಹಾರ್ನ್ ಪಂಡಿತನ ಪರಿಷ್ಕರಣವು ಪ್ರಮಾಣಭೂತವಾಯಿತು. ಕೆರೆಯಿದ್ದ ಸ್ಥಳವನ್ನೂ ಏರಿಯ ಅವಶೇಷಗಳನ್ನೂ ಗುರುತಿಸುವ ಪ್ರಯತ್ನಗಳು 19ನೆಯ ಶತಮಾನದ ಕೊನೆಯಿಂದ ನಡೆದು, ಅದು ಜುನಾಗಢಕ್ಕೂ ಗಿರನಾರಕ್ಕೂ ನಡುವಣ ಕಣಿವೆಯಲ್ಲಿತ್ತೆಂಬ ಅಭಿಪ್ರಾಯವು ನೆಲೆಗೊಂಡಿದೆ.

ಮಣ್ಣಿನ ಏರಿಯ ಅಪಾಯವು ಪ್ರಾಚೀನ ಕಾಲಕ್ಕೇ ಮುಗಿದ ಕಥೆಯಲ್ಲ. ಇದೇ ಸೌರಾಷ್ಟ್ರದಲ್ಲಿ ಮಚ್ಛು ನದಿಗೆ ಕಟ್ಟಿದ್ದ ಎರಡನೆಯ ಅಣೆಕಟ್ಟು 1979ರ ಆಗಸ್ಟ್ 11ರಂದು ಒಡೆದು ಮೋರ್ಬಿ ಪಟ್ಟಣವನ್ನು ಮುಳುಗಿಸಿತು. ಕೋಡಿಯ ಬಾಗಿಲುಗಳಿಂದ ಹೊರಹೋಗಬಲ್ಲುದಕ್ಕಿಂತ ಬಹುಪಾಲು ಹೆಚ್ಚಾಗಿ ಬಂದ ನೀರು ಎರಡೂ ಬದಿಯ ಮಣ್ಣಿನ ಏರಿಗಳ ಮೇಲೆ ಹರಿದು ಅವುಗಳನ್ನು ಕೊಚ್ಚಿಕೊಂಡು ಹೋಯಿತು. ಸಾವಿರಾರು ಜನರು ಪ್ರಾಣ ಕಳೆದುಕೊಂಡರು. ಪರೀವಾಹವನ್ನು ಹೆಸರಿಸಿ ಹೊಗಳಿದ ಶಾಸನಕಾರನ ವಿವೇಕವು ಇಂದಿನ ಯಂತ್ರಯುಗಕ್ಕೂ ಸಲ್ಲುತ್ತದೆ.

ಸುದರ್ಶನದ ಇತಿಹಾಸವನ್ನು ಒಟ್ಟಾಗಿ ನೋಡಿದಾಗ ಎರಡು ಸಂಗತಿಗಳು ಎದ್ದು ಕಾಣುತ್ತವೆ. ವೈಶ್ಯನಾದ ಪುಷ್ಯಗುಪ್ತನು ಅದನ್ನು ಕಟ್ಟಿಸಿದನು, ಯವನನಾದ ತುಷಾಸ್ಫನು ಕಾಲುವೆ ತೋಡಿಸಿದನು, ಶಕ ದೊರೆಯ ಹಣದಿಂದ ಪಹ್ಲವನಾದ ಸುವಿಶಾಖನು ಅದನ್ನು ಉದ್ಧರಿಸಿದನು, ವಿಷ್ಣುಭಕ್ತನಾದ ಚಕ್ರಪಾಲಿತನು ಮತ್ತೆ ನಿಲ್ಲಿಸಿದನು. ನೀರಿಗೆ ಕುಲವಿಲ್ಲ, ಅದನ್ನು ಕಾಯುವ ಪುಣ್ಯಕ್ಕೂ ಕುಲವಿಲ್ಲ. ಇದು ಮೊದಲನೆಯದು. ಎರಡನೆಯದು, ಈ ಐವರಲ್ಲಿ ಕೆರೆಯನ್ನು ಹೊಸದಾಗಿ ಕಟ್ಟಿದವನು ಒಬ್ಬನೇ. ಉಳಿದವರೆಲ್ಲರೂ ಹಿಂದಿನವರು ಕಟ್ಟಿದ್ದನ್ನು ಬೆಳೆಸಿದವರು, ಉಳಿಸಿದವರು. ಕನ್ನಡ ನಾಡಿನ ಹಿರಿಯರು ಇದನ್ನು ಚೆನ್ನಾಗಿ ಅರಿತಿದ್ದರು. ಕೆರೆಯ ನಿರ್ವಹಣೆಗಾಗಿ ಬಿತ್ತುವಟ್ಟ, ಕಟ್ಟುಕೊಡಗೆ ಮುಂತಾದ ಭೂದಾನಗಳನ್ನು ಬಿಟ್ಟ ಶಾಸನಗಳು ನಮ್ಮಲ್ಲಿ ವಿಪುಲವಾಗಿವೆ. ಬಸದಿಗಳ ಪೂಜೆಗೂ ಆಹಾರದಾನಕ್ಕೂ ಕೆರೆಯ ಕೆಳಗಣ ಗದ್ದೆಗಳನ್ನೇ ಬಿಡುತ್ತಿದ್ದುದರಿಂದ, ಕೆರೆ ಒಡೆದರೆ ಬಸದಿಯ ದೀಪವೂ ಆರುತ್ತಿತ್ತು. ಕೆರೆಯನ್ನು ಕಾಯುವುದೂ ಬಸದಿಯನ್ನು ಕಾಯುವುದೂ ಊರಿಗೆ ಒಂದೇ ಕರ್ತವ್ಯದ ಎರಡು ಮುಖಗಳಾಗಿದ್ದವು.

ಕಟ್ಟುವವನಿಗೆ ಒಂದು ಶುಭಮುಹೂರ್ತ ಸಾಕು. ಉಳಿಸುವವನಿಗೆ ಪ್ರತಿ ಮಳೆಗಾಲವೂ ಹೊಸ ಪರೀಕ್ಷೆ. ಏರಿಯ ಸಂದು ಬಿಲವಾಗುವ ಮೊದಲೇ ಅದನ್ನು ಕಂಡು ಮುಚ್ಚುವ ಕಣ್ಣೂ ಕೈಯೂ ತಲೆಮಾರಿನಿಂದ ತಲೆಮಾರಿಗೆ ಬೇಕು. ಅವು ಇದ್ದಷ್ಟು ಕಾಲ ಗಿರಿನಗರದ ಕೆರೆಯು ಸುದರ್ಶನವಾಗಿತ್ತು; ಅವು ಇಲ್ಲವಾದಾಗ ಅದರ ಹೆಸರು ಮಾತ್ರ ಕಲ್ಲಿನ ಮೇಲೆ ಉಳಿಯಿತು.